ಎಂಟು ಲಕ್ಷ ಡಾಲರ್ ಹೂಡಿದರೆ ಅಮೆರಿಕದ ಪೌರತ್ವ ಬರುತ್ತದೆಯೇ? ಇಬಿ-5 ಹಾದಿಯ ಪೂರ್ತಿ ಲೆಕ್ಕ

ಹಣ ಕಟ್ಟಿ ನೇರವಾಗಿ ಪಾಸ್‌ಪೋರ್ಟ್ ಪಡೆಯಬಹುದಾದ ದೇಶಗಳು ಇವೆ. ಕೆರಿಬಿಯನ್ ದ್ವೀಪರಾಷ್ಟ್ರ ಸೇಂಟ್ ಕಿಟ್ಸ್ ಮತ್ತು ನೆವಿಸ್ 1984ರಿಂದಲೂ ಈ ವ್ಯವಹಾರ ನಡೆಸುತ್ತಿದೆ. ಮಾಲ್ಟಾ ಕೂಡ ಇದೇ ಸಾಲಿನಲ್ಲಿತ್ತು. 2025ರ ಏಪ್ರಿಲ್ 29ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಅದು ಒಕ್ಕೂಟದ ಕಾನೂನಿಗೆ ವಿರುದ್ಧ ಎಂದು ತೀರ್ಪಿತ್ತಿತು. ಅಮೆರಿಕ ಈ ಗುಂಪಿಗೆ ಸೇರಿದ್ದಲ್ಲ. ಅಲ್ಲಿ ಹಣ ಹೂಡಿದವರಿಗೆ ಮೊದಲು ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಷರತ್ತು ಪೂರೈಸಿದರೆ ಹತ್ತು ವರ್ಷದ ಕಾರ್ಡ್. ಪೌರತ್ವದ ಅರ್ಜಿ ಹಾಕುವ ಹೊತ್ತಿಗೆ ನೀವು ಹೂಡಿದ್ದು ಎಂಟು ಲಕ್ಷವೋ ಎಂಬತ್ತು ಲಕ್ಷವೋ ಎಂಬುದಕ್ಕೆ ಬೆಲೆಯೇ ಇಲ್ಲ. ಎಷ್ಟು ದಿನ ಆ ನೆಲದಲ್ಲಿದ್ದಿರಿ, ತೆರಿಗೆ ಹೇಗೆ ಕಟ್ಟಿದಿರಿ, ಫಾರ್ಮಿನಲ್ಲಿ ಬರೆದದ್ದು ನಿಜವೇ ಎಂಬುದನ್ನು ನೋಡುತ್ತಾರೆ. ಏಜೆಂಟರ ಮಾತು ಸಾಮಾನ್ಯವಾಗಿ ಗ್ರೀನ್ ಕಾರ್ಡಿಗೇ ಮುಗಿಯುತ್ತದೆ. ಆಮೇಲಿನ ಐದು ವರ್ಷದ ಲೆಕ್ಕವನ್ನು ಹೂಡಿಕೆದಾರರೇ ಇಟ್ಟುಕೊಳ್ಳಬೇಕು.

ಎಷ್ಟು ಹಣ, ಯಾತಕ್ಕೆ

ಹೂಡಿಕೆದಾರರಿಗೆ ಗ್ರೀನ್ ಕಾರ್ಡ್ ಕೊಡುವ ಇಬಿ-5 ವೀಸಾ ವರ್ಗ ಹುಟ್ಟಿದ್ದು 1990ರ ವಲಸೆ ಕಾಯ್ದೆಯಿಂದ. ಈಗಿನ ನಿಯಮಗಳು 2022ರ ಮಾರ್ಚ್ 15ರಂದು ಜಾರಿಗೆ ಬಂದ ಸುಧಾರಣಾ ಕಾಯ್ದೆಯವು. ಮಾಮೂಲಿ ಹೂಡಿಕೆ 10,50,000 ಡಾಲರ್. ಗ್ರಾಮೀಣ ಪ್ರದೇಶದಲ್ಲಿ, ನಿರುದ್ಯೋಗ ಹೆಚ್ಚಿರುವ ಕಡೆ ಅಥವಾ ಸರ್ಕಾರಿ ಮೂಲಸೌಕರ್ಯ ಯೋಜನೆಯಲ್ಲಿ ಹೂಡಿದರೆ 8,00,000 ಡಾಲರ್. ಹಣದುಬ್ಬರಕ್ಕೆ ತಕ್ಕಂತೆ ಈ ಮೊತ್ತಗಳನ್ನು 2027ರ ಜನವರಿ 1ರಿಂದ ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಕಾಯ್ದೆಯೇ ಹೇಳಿದೆ. ಗ್ರಾಮೀಣ ಎಂದರೆ ಮಹಾನಗರ ವ್ಯಾಪ್ತಿಯಿಂದ ಹೊರಗಿರಬೇಕು, 20,000 ಅಥವಾ ಅದಕ್ಕೂ ಹೆಚ್ಚು ಜನರಿರುವ ಪಟ್ಟಣದ ಗಡಿಯೊಳಗೂ ಇರಬಾರದು. ನಿರುದ್ಯೋಗದ ಪ್ರದೇಶ ಎನಿಸಿಕೊಳ್ಳಲು ಅಲ್ಲಿನ ದರ ರಾಷ್ಟ್ರೀಯ ಸರಾಸರಿಯ ಒಂದೂವರೆ ಪಟ್ಟಾದರೂ ಇರಬೇಕು.

ಪ್ರತಿ ಹೂಡಿಕೆಯಿಂದ ಕನಿಷ್ಠ ಹತ್ತು ಪೂರ್ಣಾವಧಿ ಕೆಲಸ ಹುಟ್ಟಬೇಕು. ಪೂರ್ಣಾವಧಿ ಎಂದರೆ ವಾರಕ್ಕೆ 35 ಗಂಟೆ. ಇಲ್ಲಿ ಎರಡು ದಾರಿಗಳಿವೆ.

ಒಂದು, ಸ್ವಂತ ಉದ್ಯಮ ಹೂಡುವುದು. ಮೋಟೆಲ್, ರೆಸ್ಟೋರೆಂಟ್, ಸಣ್ಣ ಕಾರ್ಖಾನೆ ಏನಾದರೂ ಆದೀತು. ಆದರೆ ಹತ್ತೂ ಕೆಲಸ ನಿಮ್ಮ ಸಂಬಳದ ಪಟ್ಟಿಯಲ್ಲೇ ಕಾಣಬೇಕು. ನಿಮ್ಮನ್ನು, ನಿಮ್ಮ ಪತಿ ಅಥವಾ ಪತ್ನಿಯನ್ನು, ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುತ್ತಿಗೆ ಮೇಲೆ ಬರುವವರೂ ಆಗುವುದಿಲ್ಲ. ಬೆಂಗಳೂರಿನ ಐಟಿ ಉದ್ಯಮಿಗಳು ಮುಗ್ಗರಿಸುವುದು ಇಲ್ಲೇ: ಎಚ್-1ಬಿ ವೀಸಾದಲ್ಲಿರುವ ನೌಕರರು ಕೂಡ ಲೆಕ್ಕಕ್ಕಿಲ್ಲ. ಅಮೆರಿಕದ ಪೌರರು, ಗ್ರೀನ್ ಕಾರ್ಡ್ ಇರುವವರು, ನಿರಾಶ್ರಿತರಾಗಿ ಬಂದು ಕೆಲಸದ ಹಕ್ಕು ಪಡೆದವರು ಇಂಥವರೇ ಬೇಕು. ನಡೆಯುತ್ತಿರುವ ಮೋಟೆಲನ್ನು ಕೊಂಡರೆ ಅಲ್ಲಿ ಆಗಲೇ ಇರುವ ಎಂಟು ಜನ ಹೊಸ ಕೆಲಸಗಳಾಗುವುದಿಲ್ಲ. ಅವರ ಮೇಲೆ ಇನ್ನೂ ಹತ್ತು ಜನರನ್ನು ಸೇರಿಸಿಕೊಳ್ಳಬೇಕು. ನಷ್ಟದಲ್ಲಿರುವ ಉದ್ಯಮಕ್ಕೆ ಮಾತ್ರ ಇದರಲ್ಲಿ ವಿನಾಯಿತಿ ಇದೆ.

ಇನ್ನೊಂದು, ರೀಜನಲ್ ಸೆಂಟರ್ ಮೂಲಕ, ಅಂದರೆ ಹೂಡಿಕೆ ಒಟ್ಟುಗೂಡಿಸಲು ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಹೂಡುವುದು. ಹತ್ತಾರು ಹೂಡಿಕೆದಾರರ ಹಣ ಒಂದು ಕಂಪನಿಯಲ್ಲಿ ಸೇರುತ್ತದೆ, ಆ ಕಂಪನಿ ಹೋಟೆಲ್ಲೋ ಅಪಾರ್ಟ್‌ಮೆಂಟೋ ಕಟ್ಟುವ ಡೆವಲಪರ್‌ಗೆ ಸಾಲ ಕೊಡುತ್ತದೆ. ಇಲ್ಲಿ ಕೆಲಸಗಳನ್ನು ಎಣಿಸುವುದು ಅರ್ಥಶಾಸ್ತ್ರಜ್ಞರ ಮಾದರಿಯಿಂದ. ಇಷ್ಟು ಕೋಟಿ ಡಾಲರ್ ನಿರ್ಮಾಣಕ್ಕೆ ಖರ್ಚಾದರೆ ಸಿಮೆಂಟು, ಸಾಗಣೆ, ಹೋಟೆಲ್ ಊಟ ಎಲ್ಲ ಸೇರಿ ಇಷ್ಟು ಕೆಲಸ ಎಂಬ ಅಂದಾಜು. ಇಂಥ ಪರೋಕ್ಷ ಕೆಲಸಗಳಿಂದ ಶೇ 90ರವರೆಗೆ ಲೆಕ್ಕ ತುಂಬಿಸಬಹುದು. ಎರಡು ವರ್ಷಕ್ಕಿಂತ ಕಡಿಮೆ ಅವಧಿಯ ನಿರ್ಮಾಣ ಕೆಲಸದ ಪಾಲು ಶೇ 75 ಮೀರುವಂತಿಲ್ಲ. ಹೆಚ್ಚಿನ ಭಾರತೀಯರು ಹಿಡಿಯುವುದು ಈ ದಾರಿ, ಏಕೆಂದರೆ ದಿನನಿತ್ಯ ಗಲ್ಲಾಪೆಟ್ಟಿಗೆ ಮುಂದೆ ಕೂರಬೇಕಿಲ್ಲ. ರೀಜನಲ್ ಸೆಂಟರ್ ವ್ಯವಸ್ಥೆಗೆ 2027ರ ಸೆಪ್ಟೆಂಬರ್ 30ರವರೆಗೆ ಸಂಸತ್ತಿನ ಅನುಮತಿ ಇದೆ. 2026ರ ಸೆಪ್ಟೆಂಬರ್ 30ರೊಳಗೆ ಸಲ್ಲಿಸಿದ ಅರ್ಜಿಗಳನ್ನು, ಮುಂದೆ ವ್ಯವಸ್ಥೆ ನಿಂತರೂ, ವಿಚಾರಣೆ ಮಾಡಿಯೇ ತೀರಬೇಕೆಂಬ ರಕ್ಷಣೆಯೂ ಕಾಯ್ದೆಯಲ್ಲಿದೆ.

ಹೂಡಿಕೆಯ ಮೇಲೆ ಆಡಳಿತ ಶುಲ್ಕವೆಂದು ಸೆಂಟರ್‌ಗಳು ಸಾಮಾನ್ಯವಾಗಿ 50,000 ಡಾಲರಿಗೂ ಹೆಚ್ಚು ಕೇಳುತ್ತವೆ. ಇದು ಎಂಟು ಲಕ್ಷದೊಳಗೆ ಸೇರುವುದಿಲ್ಲ, ಸಾಮಾನ್ಯವಾಗಿ ವಾಪಸ್ಸೂ ಬರುವುದಿಲ್ಲ. ವಕೀಲರ ಶುಲ್ಕ, ಸರ್ಕಾರಿ ಶುಲ್ಕ, ಅರ್ಜಿಯ ಜೊತೆ ಕಟ್ಟಬೇಕಾದ 1,000 ಡಾಲರಿನ ನಿಗಾ ನಿಧಿ ಬೇರೆ.

"ಹಣ ಗ್ಯಾರಂಟಿ ವಾಪಸ್" ಎಂದವರಿಂದ ದೂರವಿರಿ

ಕಾನೂನಿನ ಪ್ರಕಾರ ಹೂಡಿದ ಹಣ ಅಪಾಯಕ್ಕೆ ಒಡ್ಡಿಕೊಂಡಿರಬೇಕು. ಇಂತಿಷ್ಟು ದಿನಕ್ಕೆ ಇಷ್ಟು ಹಿಂತಿರುಗಿಸುತ್ತೇವೆ ಎಂಬ ಖಾತರಿ ಒಪ್ಪಂದದಲ್ಲಿದ್ದರೆ ಅದು ಹೂಡಿಕೆಯಲ್ಲ, ಸಾಲ. ಅರ್ಜಿ ಅದೇ ಕಾರಣಕ್ಕೆ ಬೀಳುತ್ತದೆ. ಅಂದರೆ ಗ್ಯಾರಂಟಿ ಕೊಡುವ ಏಜೆಂಟ್ ಒಂದೋ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ನಿಮ್ಮ ಗ್ರೀನ್ ಕಾರ್ಡಿಗೇ ಕುತ್ತು ತರುತ್ತಿದ್ದಾನೆ.

ಹಣ ವಾಪಸು ಬರುವುದು, ಗ್ರೀನ್ ಕಾರ್ಡ್ ಸಿಗುವುದು ಎರಡೂ ಬೇರೆ ಬೇರೆ ವಿಷಯ. ಕಟ್ಟಡ ಎದ್ದು ಕೆಲಸಗಳು ಹುಟ್ಟಿ, ಆಮೇಲೆ ಹೋಟೆಲ್ ದಿವಾಳಿಯಾದರೆ ಕಾರ್ಡ್ ಉಳಿಯುತ್ತದೆ, ಹಣ ಹೋಗುತ್ತದೆ. ಡೆವಲಪರ್ ಅರ್ಧ ಕಟ್ಟಡ ಮಾರಿ ಹಣ ಹಿಂದಿರುಗಿಸಿದರೆ ಹಣ ಉಳಿಯುತ್ತದೆ, ಕಾರ್ಡ್ ಹೋಗುತ್ತದೆ. ಆದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ತೂಗಬೇಕು. ಯೋಜನೆಯ ಒಟ್ಟು ವೆಚ್ಚದಲ್ಲಿ ಬ್ಯಾಂಕ್ ಸಾಲ ಎಷ್ಟು, ಡೆವಲಪರ್‌ನ ಸ್ವಂತ ಹಣ ಎಷ್ಟು, ಇಬಿ-5 ಹಣ ಎಷ್ಟು ಎಂದು ಕೇಳಿ. ಬ್ಯಾಂಕ್ ಸಾಲ ಮೊದಲ ಸಾಲಿನಲ್ಲಿದ್ದರೆ ಯೋಜನೆ ಮುಳುಗಿದಾಗ ಬ್ಯಾಂಕ್ ತಿಂದು ಉಳಿದದ್ದಷ್ಟೇ ನಿಮಗೆ. ಡೆವಲಪರ್‌ನ ಸ್ವಂತ ಹಣ ತೀರ ಕಡಿಮೆಯಿದ್ದರೆ ಅವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಕೆಲಸಗಳ ಲೆಕ್ಕದಲ್ಲಿ ಹೂಡಿಕೆದಾರನಿಗೆ ಹತ್ತರ ಬದಲು ಹದಿನಾಲ್ಕೋ ಹದಿನೈದೋ ಬರುವಂತಿದ್ದರೆ, ಖರ್ಚು ಸ್ವಲ್ಪ ಕಡಿಮೆಯಾದರೂ ನಿಮ್ಮ ಪಾಲಿನ ಹತ್ತು ಉಳಿಯುತ್ತವೆ.

ವರ್ಮಾಂಟ್ ರಾಜ್ಯದ ಜೇ ಪೀಕ್ ಸ್ಕೀ ರೆಸಾರ್ಟ್ ಪ್ರಕರಣ ಇದಕ್ಕೆಲ್ಲ ಪಾಠವಾಗಬೇಕು. ಹತ್ತಾರು ದೇಶಗಳ ಹೂಡಿಕೆದಾರರಿಂದ 35 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹಿಸಿ, ಅದರಲ್ಲಿ 20 ಕೋಟಿಗೂ ಹೆಚ್ಚನ್ನು ದುರುಪಯೋಗ ಮಾಡಿದ್ದಾರೆ ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2016ರ ಏಪ್ರಿಲ್‌ನಲ್ಲಿ ಮೊಕದ್ದಮೆ ಹೂಡಿತು. ಒಂದು ಹಂತದ ಹಣ ಹಿಂದಿನ ಹಂತದ ಕೊರತೆ ತುಂಬಲು ಹೋಗುತ್ತಿತ್ತು ಎಂಬುದು ಆರೋಪದ ತಿರುಳು. 2022ರ ಕಾಯ್ದೆಯ ಬಿಗಿ ನಿಯಮಗಳ ಹಿಂದೆ ಇಂಥ ಹಗರಣಗಳಿವೆ. ಈಗ ಯೋಜನೆಯ ಹಣದ ಮೇಲೆ ಸ್ವತಂತ್ರ ನಿಧಿ ನಿರ್ವಾಹಕರ ಕಣ್ಣಿರಬೇಕು, ಇಲ್ಲವೇ ವರ್ಷವರ್ಷ ಲೆಕ್ಕಪರಿಶೋಧನೆ ಆಗಬೇಕು. ಪ್ರತಿ ಯೋಜನೆಗೂ ಐ-956ಎಫ್ ಎಂಬ ಪ್ರತ್ಯೇಕ ಅರ್ಜಿ ಇದೆ. ಅದು ಮಂಜೂರಾಗಿದೆಯೇ, ಬರೀ ಸಲ್ಲಿಕೆಯಾಗಿದೆಯೇ ಎಂದು ಕೇಳಿ, ಪತ್ರವನ್ನೇ ನೋಡಿ. ಭಾರತದಲ್ಲಿ ಕೂತು ಯೋಜನೆ ಮಾರುವ ಏಜೆಂಟ್ ಕೂಡ ಐ-956ಕೆ ನೋಂದಣಿ ಮಾಡಿಸಿಕೊಂಡಿರಬೇಕು, ತನಗೆ ಬರುವ ಕಮಿಷನ್ ಎಷ್ಟೆಂದು ಬರಹದಲ್ಲಿ ತಿಳಿಸಬೇಕು. ಹೋಟೆಲಿನಲ್ಲಿ ಸೆಮಿನಾರ್ ಮಾಡಿ ಊಟ ಹಾಕಿಸುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಹಣ ಎಲ್ಲಿಂದ ಬಂತು

ಭಾರತೀಯ ಅರ್ಜಿಗಳಲ್ಲಿ ಅತಿ ಹೆಚ್ಚು ಬೆವರು ಹರಿಯುವುದು ಇಲ್ಲಿ. ಎಂಟು ಲಕ್ಷ ಡಾಲರೂ ನ್ಯಾಯವಾಗಿ ಬಂದದ್ದು ಎಂದು ತೋರಿಸಬೇಕು, ಆಡಳಿತ ಶುಲ್ಕದ ಹಣಕ್ಕೂ ಇದೇ ನಿಯಮ. ಏಳು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಬೇಕು. ಹಣ ಹುಟ್ಟಿದ ಕಡೆಯಿಂದ ಅಮೆರಿಕದ ಖಾತೆಯವರೆಗೆ ಪ್ರತಿ ವರ್ಗಾವಣೆಗೂ ಬ್ಯಾಂಕ್ ಕಾಗದ ಬೇಕು.

ಕರ್ನಾಟಕದಲ್ಲಿ ನಿವೇಶನ ಅಥವಾ ಜಮೀನು ಮಾರಿ ಹೂಡುವವರ ಕಡತದಲ್ಲಿ ನೋಂದಾಯಿತ ಕ್ರಯಪತ್ರ, ಖಾತೆ, ಋಣಭಾರ ಪತ್ರ, ಕೃಷಿ ಜಮೀನಾದರೆ ಪಹಣಿ ಮತ್ತು ಮ್ಯುಟೇಶನ್, ಹಿರಿಯರಿಂದ ಬಂದದ್ದಾದರೆ ವಿಭಾಗ ಪತ್ರ ಇರಬೇಕಾಗುತ್ತದೆ. ಮಾರಿದ ಕಾಗದವಷ್ಟೇ ಸಾಲದು, ಮೊದಲು ಆ ಆಸ್ತಿಯನ್ನು ಕೊಂಡದ್ದು ಯಾವ ಹಣದಿಂದ ಎಂದೂ ಕೇಳುತ್ತಾರೆ. ಕನ್ನಡದ ಪ್ರತಿ ಕಾಗದಕ್ಕೂ ಪೂರ್ಣ ಇಂಗ್ಲಿಷ್ ಅನುವಾದ, ಜೊತೆಗೆ "ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣ ಮತ್ತು ಸರಿಯಾಗಿದೆ" ಎಂಬ ಅನುವಾದಕರ ಸಹಿ ಇರಬೇಕು. ಹಳೆಯ ಪತ್ರಗಳಲ್ಲಿ ಗುಂಟೆ, ಆಣೆ, ಖರಾಬು ಎಂದೆಲ್ಲ ಇರುವುದರಿಂದ ಕಂದಾಯದ ಭಾಷೆ ತಿಳಿದವರಿಂದಲೇ ಮಾಡಿಸುವುದು ಒಳ್ಳೆಯದು.

ದೊಡ್ಡ ತೊಡಕು ನಗದಿನದು. ಕ್ರಯಪತ್ರದಲ್ಲಿ ಮಾರ್ಗಸೂಚಿ ದರದಷ್ಟೇ ಬರೆಸಿ ಉಳಿದದ್ದನ್ನು ಕೈಯಲ್ಲಿ ಪಡೆದಿದ್ದರೆ ಆ ಹಣ ಇಬಿ-5 ಪಾಲಿಗೆ ಇಲ್ಲ. ಅದನ್ನು ಬೇರೆ ಯಾವುದೋ ಹೆಸರಿನಲ್ಲಿ ಬ್ಯಾಂಕಿಗೆ ತುಂಬಿ ತೋರಿಸುವ ಪ್ರಯತ್ನ ಸುಳ್ಳು ಹೇಳಿಕೆಯಾಗುತ್ತದೆ, ಆ ಕಳಂಕ ಹತ್ತು ವರ್ಷದ ಮೇಲೂ ಪೌರತ್ವದ ಸಂದರ್ಶನದಲ್ಲಿ ಎದ್ದುಬರಬಹುದು.

ತೋಟದ ಆದಾಯಕ್ಕೆ ಬೇರೆಯದೇ ಕಷ್ಟ. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲದ್ದರಿಂದ ಎಷ್ಟೋ ಕುಟುಂಬಗಳ ರಿಟರ್ನ್ಸ್ ತೆಳುವಾಗಿರುತ್ತವೆ. ಅಡಿಕೆಯಾದರೆ ಮ್ಯಾಮ್‌ಕೋಸ್, ಕ್ಯಾಂಪ್ಕೊದಂಥ ಸಂಸ್ಥೆಗಳ ಖರೀದಿ ಪಟ್ಟಿ, ಕಾಫಿಯಾದರೆ ಕ್ಯೂರಿಂಗ್ ವರ್ಕ್ಸ್ ಬಿಲ್ಲು, ಎಪಿಎಂಸಿ ರಸೀದಿ, ಅದಕ್ಕೆ ಸರಿಹೊಂದುವ ಬ್ಯಾಂಕ್ ಜಮೆ ಇವನ್ನೆಲ್ಲ ವರ್ಷವಾರು ಜೋಡಿಸಬೇಕು. ವ್ಯಾಪಾರಿಗೆ ನಗದಿಗೆ ಮಾರಿದ ವರ್ಷಗಳು ಲೆಕ್ಕದಿಂದ ಹೊರಗೆ ಉಳಿಯುತ್ತವೆ. ಸ್ವಂತ ಪ್ರೈವೇಟ್ ಲಿಮಿಟೆಡ್ ಕಂಪನಿ ಇರುವವರು ಕಂಪನಿಯ ಲಾಭ ತಮ್ಮದೇ ಎಂದುಕೊಳ್ಳುತ್ತಾರೆ. ಅದು ಡಿವಿಡೆಂಡ್, ಸಂಬಳ ಅಥವಾ ದಾಖಲೆಯಿರುವ ಸಾಲವಾಗಿ ನಿಮ್ಮ ಖಾತೆಗೆ ಬರುವವರೆಗೆ ಕಂಪನಿಯದೇ.

ಇನ್ನು ಹಣ ದೇಶದಾಚೆ ಕಳುಹಿಸುವ ಮಾತು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ನಿವಾಸಿ ಭಾರತೀಯ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್ ಮಾತ್ರ ಕಳುಹಿಸಬಹುದು. ಮಾರ್ಚ್ ಕೊನೆಯಲ್ಲಿ ಒಂದು, ಏಪ್ರಿಲ್ ಮೊದಲಲ್ಲಿ ಇನ್ನೊಂದು ಎಂದು ಎರಡು ವರ್ಷದ ಮಿತಿಯನ್ನು ಅಕ್ಕಪಕ್ಕದ ದಿನಗಳಲ್ಲೇ ಬಳಸಿಕೊಳ್ಳುವುದು ರೂಢಿ. ಅಮೆರಿಕದಲ್ಲಿ ಎಚ್-1ಬಿ ಮೇಲಿರುವ ಮಗನಿಗೆ ತಂದೆ ತಾಯಿ ಇಬ್ಬರೂ ಹೀಗೆ ಉಡುಗೊರೆ ಕಳುಹಿಸಿದರೆ ಹತ್ತು ಲಕ್ಷ ಡಾಲರ್ ಆಗುತ್ತದೆ. ಇದು ಸರಳ ದಾರಿ. ಆದರೆ ಮಗ ಅಲ್ಲಿನ ತೆರಿಗೆ ನಿವಾಸಿ. ವರ್ಷಕ್ಕೆ ಒಂದು ಲಕ್ಷ ಡಾಲರಿಗೂ ಮೀರಿದ ವಿದೇಶಿ ಉಡುಗೊರೆಯನ್ನು ಫಾರ್ಮ್ 3520ರಲ್ಲಿ ತಿಳಿಸಲೇಬೇಕು. ತೆರಿಗೆ ಬೀಳುವುದಿಲ್ಲ, ತಿಳಿಸದಿದ್ದರೆ ದಂಡ ಶೇ 25ರವರೆಗೆ ಏರುತ್ತದೆ. ಹೂಡುವವರೇ ಭಾರತದಲ್ಲಿದ್ದರೆ ಕಷ್ಟ ಹೆಚ್ಚು: ನಿವಾಸಿಯೊಬ್ಬರು ಇನ್ನೊಬ್ಬ ನಿವಾಸಿಯ ವಿದೇಶಿ ಖಾತೆಗೆ ಎಲ್‌ಆರ್‌ಎಸ್ ಮೂಲಕ ಉಡುಗೊರೆ ಹಾಕುವಂತಿಲ್ಲ, ಸಹ-ಒಡೆತನ ಇಲ್ಲದೆ ಮನೆಮಂದಿಯ ಮಿತಿಗಳನ್ನು ಒಟ್ಟುಗೂಡಿಸುವಂತಿಲ್ಲ. ಇಂಥ ಬಂಡವಾಳ ರವಾನೆಗೆಂದು ಭಾರತದ ಬ್ಯಾಂಕುಗಳು ಸಾಲವನ್ನೂ ಕೊಡುವಂತಿಲ್ಲ. ಕಳುಹಿಸಿದ ಹಣ ಬಳಕೆಯಾಗದೆ ಅಲ್ಲಿ ಸುಮ್ಮನೆ ಕೂತರೆ 180 ದಿನದೊಳಗೆ ವಾಪಸು ತರಬೇಕು. ಹಾಗಾಗಿ ಯೋಜನೆ ಆಯ್ಕೆಯಾಗುವ ಮೊದಲೇ ಅವಸರದಲ್ಲಿ ಕಳುಹಿಸುವುದು ಜಾಣತನವಲ್ಲ.

ಟಿಸಿಎಸ್, ಅಂದರೆ ರವಾನೆಯ ಹೊತ್ತಿಗೇ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ, ಮರೆಯಬೇಡಿ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಇಂಥ ರವಾನೆಗೆ ಶೇ 20 ಕಡಿತ. ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ 2,50,000 ಡಾಲರ್ ಎಂದರೆ 2.25 ಕೋಟಿ, ಅದರಲ್ಲಿ 2.15 ಕೋಟಿಯ ಮೇಲೆ 43 ಲಕ್ಷ ರೂಪಾಯಿ ಬ್ಯಾಂಕಿನಲ್ಲೇ ಹಿಡಿಯಲ್ಪಡುತ್ತದೆ. ಇದು ಹೆಚ್ಚುವರಿ ತೆರಿಗೆಯಲ್ಲ, ರಿಟರ್ನ್ಸ್ ಹಾಕಿದಾಗ ಹೊಂದಾಣಿಕೆ ಅಥವಾ ಮರುಪಾವತಿ ಆಗುತ್ತದೆ. ಆದರೆ ಅಷ್ಟು ಹಣ ತಿಂಗಳುಗಟ್ಟಲೆ ಕೈಯಲ್ಲಿರುವುದಿಲ್ಲ. ಅನಿವಾಸಿಗಳು ಭಾರತದಲ್ಲಿನ ತಮ್ಮ ಎನ್‌ಆರ್‌ಒ ಖಾತೆಯಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಒಯ್ಯಬಹುದು. ಅವರಿಗೆ ಎಲ್‌ಆರ್‌ಎಸ್ ಮಿತಿ ಅನ್ವಯಿಸುವುದಿಲ್ಲ.

ಸರತಿ

ಇಬಿ-5ಗೆ ವರ್ಷಕ್ಕೆ ಸುಮಾರು 9,940 ವೀಸಾ. ಅದರಲ್ಲಿ ಶೇ 20 ಗ್ರಾಮೀಣ ಯೋಜನೆಗಳಿಗೆ, ಶೇ 10 ನಿರುದ್ಯೋಗ ಪ್ರದೇಶಗಳಿಗೆ, ಶೇ 2 ಮೂಲಸೌಕರ್ಯಕ್ಕೆ ಮೀಸಲು. ಒಂದು ದೇಶಕ್ಕೆ ಮೂಲತಃ ಶೇ 7ರ ಮಿತಿ, ಅಂದರೆ ಸುಮಾರು 695 ವೀಸಾ. ಪತಿ, ಪತ್ನಿ, ಮಕ್ಕಳು ಎಲ್ಲರೂ ಇದೇ ಲೆಕ್ಕದಲ್ಲಿ ಬರುವುದರಿಂದ ನಾಲ್ವರ ಕುಟುಂಬವಾದರೆ ಇದು 174 ಹೂಡಿಕೆದಾರರಿಗೆ ಮುಗಿಯಿತು. ಬೇರೆ ದೇಶಗಳು ಬಳಸದೆ ಬಿಟ್ಟದ್ದು ಸಿಕ್ಕಿದರೆ ಮಾತ್ರ ಹೆಚ್ಚು. ಮೀಸಲಿಲ್ಲದ ವರ್ಗದಲ್ಲಿ ಭಾರತದ ದಿನಾಂಕ (ಯಾವ ದಿನಕ್ಕೆ ಮೊದಲು ಅರ್ಜಿ ಹಾಕಿದವರ ಸರದಿ ಬಂದಿದೆ ಎಂಬುದು) ಅಮೆರಿಕದ ವಿದೇಶಾಂಗ ಇಲಾಖೆಯ 2025ರ ಏಪ್ರಿಲ್ ವೀಸಾ ಬುಲೆಟಿನ್‌ನಲ್ಲಿ 2022ರ ಜನವರಿಯಿಂದ 2019ರ ನವೆಂಬರ್‌ಗೆ ಹಿಂದೆ ಸರಿದದ್ದು ಸರತಿಯಲ್ಲಿದ್ದವರಿಗೆ ನೆನಪಿರುತ್ತದೆ. ಗ್ರಾಮೀಣ ಯೋಜನೆಗಳಿಗೆ ಬೇಡಿಕೆ ಏರಿರುವುದು ಇದೇ ಕಾರಣಕ್ಕೆ: ಪ್ರತ್ಯೇಕ ಸರತಿ, ಅರ್ಜಿ ವಿಚಾರಣೆಯಲ್ಲೂ ಆದ್ಯತೆ. ಆದರೆ ಆ ಸಾಲೂ ಒಂದು ದಿನ ಉದ್ದವಾಗಬಹುದು. ಹಣ ಕಳುಹಿಸುವ ತಿಂಗಳಿನ ಬುಲೆಟಿನ್ ನೋಡದೆ ಮುಂದುವರಿಯಬೇಡಿ.

ಸರತಿ ನಿರ್ಧಾರವಾಗುವುದು ಹುಟ್ಟಿದ ದೇಶದಿಂದ, ಪಾಸ್‌ಪೋರ್ಟಿನಿಂದಲ್ಲ. ಪತ್ನಿ ದುಬೈಯಲ್ಲೋ ಸಿಂಗಪುರದಲ್ಲೋ ಹುಟ್ಟಿದ್ದರೆ ಇಡೀ ಕುಟುಂಬ ಆ ದೇಶದ ಲೆಕ್ಕಕ್ಕೆ ಹೋಗಬಹುದು. ಮಕ್ಕಳು 21 ತುಂಬುವ ಮೊದಲಿನವರು, ಮದುವೆಯಾಗದವರು ಆಗಿರಬೇಕು. ಅರ್ಜಿ ಬಾಕಿಯಿದ್ದ ದಿನಗಳನ್ನು ವಯಸ್ಸಿನಿಂದ ಕಳೆಯುವ ಸೂತ್ರವಿದೆ, ಸರತಿಯಲ್ಲಿ ಕಾದ ದಿನಗಳನ್ನು ಹೀಗೆ ಕಳೆಯುವುದಿಲ್ಲ. ಮಗಳಿಗೆ ಆಗಲೇ 19 ಆಗಿದ್ದರೆ ಮೀಸಲಿಲ್ಲದ ವರ್ಗ ಅವಳ ಪಾಲಿಗೆ ಬಹುತೇಕ ಮುಚ್ಚಿದ ಬಾಗಿಲು.

ರೀಜನಲ್ ಸೆಂಟರ್ ಹೂಡಿಕೆದಾರರ ಮೊದಲ ಅರ್ಜಿ ಐ-526ಇ, ಸ್ವಂತ ಉದ್ಯಮದವರದು ಐ-526. ಆಗಲೇ ಅಮೆರಿಕದಲ್ಲಿ ಕಾನೂನುಬದ್ಧ ವೀಸಾದಲ್ಲಿದ್ದು ಸರತಿಯೂ ತೆರೆದಿದ್ದರೆ ಗ್ರೀನ್ ಕಾರ್ಡ್ ಅರ್ಜಿ ಐ-485ನ್ನೂ ಜೊತೆಗೇ ಹಾಕಬಹುದು. ಎಚ್-1ಬಿಯಲ್ಲಿರುವವರಿಗೆ 2022ರ ಕಾಯ್ದೆಯ ದೊಡ್ಡ ಉಪಕಾರ ಇದೇ: ಕಾಯುವಾಗಲೇ ಕೆಲಸದ ಪರವಾನಗಿ, ಪ್ರಯಾಣದ ಪರವಾನಗಿ ಸಿಗುತ್ತವೆ. ವಿದ್ಯಾರ್ಥಿ ವೀಸಾದಲ್ಲಿರುವ ಮಗ ಪ್ರಯಾಣದ ಪರವಾನಗಿ ಬರುವ ಮೊದಲೇ ಊರಿಗೆ ಹಬ್ಬಕ್ಕೆಂದು ಹೊರಟರೆ ಐ-485 ಕೈಬಿಟ್ಟಂತೆ. ಭಾರತದಲ್ಲಿರುವವರ ವಲಸೆ ವೀಸಾ ಸಂದರ್ಶನ ಮುಂಬೈ ದೂತಾವಾಸದಲ್ಲಿ.

2025ರಲ್ಲಿ ಟ್ರಂಪ್ ಆಡಳಿತ ತಂದ "ಗೋಲ್ಡ್ ಕಾರ್ಡ್" ಬಗ್ಗೆ ಕೇಳುವವರು ಬಹಳ. ಅಲ್ಲಿ ಹತ್ತು ಲಕ್ಷ ಡಾಲರ್ ಸರ್ಕಾರಕ್ಕೆ ಕೊಡುಗೆ, ಹೂಡಿಕೆಯಲ್ಲ. ವಾಪಸು ಬರುವ ಮಾತೇ ಇಲ್ಲ. ಅದು ಸಂಸತ್ತಿನ ಕಾಯ್ದೆಯಲ್ಲ, ಅಧ್ಯಕ್ಷರ ಆದೇಶ. ವೀಸಾ ಬರುವುದು ಇಬಿ-1 ಮತ್ತು ಇಬಿ-2 ಎಂಬ ಉದ್ಯೋಗ ವರ್ಗಗಳ ಪಾಲಿನಿಂದ, ಅಲ್ಲಿ ಭಾರತೀಯರ ಸರತಿ ಎಷ್ಟುದ್ದ ಎಂಬುದು ಗೊತ್ತಿರುವ ಸಂಗತಿಯೇ.

ಷರತ್ತು ಕಳಚುವುದು

ಗ್ರೀನ್ ಕಾರ್ಡಿನ ಗಡಿಯಾರ ಶುರುವಾಗುವುದು ಹಣ ಹೂಡಿದ ದಿನದಿಂದಲ್ಲ. ವಲಸೆ ವೀಸಾದಲ್ಲಿ ವಿಮಾನ ನಿಲ್ದಾಣ ದಾಟಿದ ದಿನ, ಅಥವಾ ಐ-485 ಮಂಜೂರಾದ ದಿನ. ಅದು 2026ರ ಜೂನ್ 10 ಎಂದುಕೊಳ್ಳೋಣ. ಷರತ್ತಿನ ಕಾರ್ಡ್ 2028ರ ಜೂನ್ 10ಕ್ಕೆ ಮುಗಿಯುತ್ತದೆ. ಅದಕ್ಕೆ ಹಿಂದಿನ 90 ದಿನಗಳಲ್ಲಿ, ಅಂದರೆ ಮಾರ್ಚ್ 12ರಿಂದ ಜೂನ್ 10ರೊಳಗೆ, ಷರತ್ತು ತೆಗೆಸುವ ಅರ್ಜಿ ಐ-829 ಸಲ್ಲಿಸಬೇಕು. ತಪ್ಪಿದರೆ ಹಕ್ಕೇ ಹೋಗಿ ಗಡೀಪಾರಿನ ವಿಚಾರಣೆ ಶುರುವಾಗಬಹುದು. ಸೆಂಟರ್‌ನವರು ನೆನಪಿಸುತ್ತಾರೆ ಎಂದು ಕೂರಬೇಡಿ.

ಐ-829ರಲ್ಲಿ ತೋರಿಸಬೇಕಾದದ್ದು ಹಣ ಪೂರ್ತಿ ಹೂಡಲಾಗಿತ್ತು, ಕಾನೂನು ಕೇಳಿದಷ್ಟು ಕಾಲ ಉಳಿದಿತ್ತು, ಹತ್ತು ಕೆಲಸ ಹುಟ್ಟಿದವು ಎಂಬುದು. 2022ರ ಕಾಯ್ದೆಯಡಿ ಹೂಡಿದವರು ಕನಿಷ್ಠ ಎರಡು ವರ್ಷ ಹಣ ಉಳಿಸಬೇಕು. ಹಳೆಯ ನಿಯಮದಡಿ ಹೂಡಿದವರು ಷರತ್ತಿನ ಎರಡು ವರ್ಷ ಮುಗಿಯುವವರೆಗೆ. ಸ್ವಂತ ಉದ್ಯಮದವರು ಸಂಬಳದ ದಾಖಲೆ, ತ್ರೈಮಾಸಿಕ ತೆರಿಗೆ ವರದಿ, ಪ್ರತಿ ನೌಕರನ ಕೆಲಸದ ಹಕ್ಕು ಪರಿಶೀಲಿಸಿದ ಐ-9 ಫಾರ್ಮ್ ಇಟ್ಟುಕೊಂಡಿರಬೇಕು. ಒಂದು ಹುದ್ದೆಯಲ್ಲಿ ಜನ ಬದಲಾದರೂ ಹುದ್ದೆ ಉಳಿದಿದೆ ಎಂದು ತೋರಿಸಲು ಇವೇ ಆಧಾರ.

ಅರ್ಜಿ ಸಲ್ಲಿಸಿದ ರಸೀದಿ ಷರತ್ತಿನ ಕಾರ್ಡನ್ನು 48 ತಿಂಗಳು ಮುಂದುವರಿಸುತ್ತದೆ. ಇಷ್ಟು ದೀರ್ಘ ವಿಸ್ತರಣೆ ಕೊಡುತ್ತಾರೆಂದರೆ ತೀರ್ಮಾನಕ್ಕೆ ಎಷ್ಟು ಕಾಲ ಹಿಡಿಯಬಹುದು ಎಂದು ಊಹಿಸಿಕೊಳ್ಳಿ. ನಡುವೆ ಸರ್ಕಾರ ರೀಜನಲ್ ಸೆಂಟರ್‌ನ ಮಾನ್ಯತೆಯನ್ನೇ ರದ್ದು ಮಾಡಿದರೆ, ನೋಟಿಸ್ ಬಂದ 180 ದಿನದೊಳಗೆ ಬೇರೆ ಸೆಂಟರ್ ಅಥವಾ ಯೋಜನೆಗೆ ಸೇರಿಕೊಂಡು ಅರ್ಜಿ ಉಳಿಸಿಕೊಳ್ಳುವ ಅವಕಾಶ ಪ್ರಾಮಾಣಿಕ ಹೂಡಿಕೆದಾರರಿಗೆ ಈಗ ಇದೆ.

ಐದು ವರ್ಷದ ದಿನಗಣನೆ

ಷರತ್ತಿನ ಎರಡು ವರ್ಷವೂ ಪೌರತ್ವದ ಐದು ವರ್ಷದೊಳಗೇ ಸೇರುತ್ತದೆ. ಮೇಲಿನ ಉದಾಹರಣೆಯಲ್ಲಿ ಐದು ವರ್ಷ 2031ರ ಜೂನ್ 10ಕ್ಕೆ ತುಂಬುತ್ತದೆ, 90 ದಿನ ಮೊದಲೇ, ಅಂದರೆ ಮಾರ್ಚ್ 12ರಿಂದ, ಪೌರತ್ವದ ಅರ್ಜಿ ಎನ್-400 ಸಲ್ಲಿಸಬಹುದು. ಒಂದು ದಿನ ಬೇಗ ಹಾಕಿದರೂ ತಿರಸ್ಕಾರ. ಶುಲ್ಕ ಆನ್‌ಲೈನ್ ಆದರೆ 710 ಡಾಲರ್, ಕಾಗದದಲ್ಲಾದರೆ 760. ಎಂಟು ಲಕ್ಷದ ಪಕ್ಕದಲ್ಲಿ ಈ ಅಂಕಿ ನೋಡಿ ನಗು ಬರುತ್ತದೆ, ಆದರೆ ಹೂಡಿಕೆದಾರರು ಸೋಲುವುದು ಇಲ್ಲೂ ಉಂಟು.

ಎರಡು ಪರೀಕ್ಷೆಗಳನ್ನು ಒಂದೇ ಎಂದು ಬೆರೆಸುವುದು ಸಾಮಾನ್ಯ ತಪ್ಪು. ಮೊದಲನೆಯದು ದೇಹ ಅಲ್ಲಿತ್ತೇ ಎಂಬುದು: ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು, ಅಂದರೆ 913 ದಿನ ಅಮೆರಿಕದ ನೆಲದಲ್ಲಿ ಇದ್ದಿರಬೇಕು. ಹೊರಟ ದಿನ, ಬಂದಿಳಿದ ದಿನ ಎರಡೂ ನಿಮ್ಮ ಪರವಾಗಿಯೇ ಎಣಿಕೆಯಾಗುತ್ತವೆ. ಎರಡನೆಯದು ವಾಸ ಮುರಿಯಲಿಲ್ಲವೇ ಎಂಬುದು. ಒಂದೇ ಪ್ರಯಾಣ ಆರು ತಿಂಗಳು ಮೀರಿದರೆ ವಾಸ ಮುರಿದಿದೆ ಎಂದು ಇಲಾಖೆ ಭಾವಿಸುತ್ತದೆ. ಮುರಿದಿಲ್ಲ ಎಂದು ನೀವು ಸಾಧಿಸಬೇಕು. ಅಲ್ಲಿನ ಮನೆ ಬಿಟ್ಟುಕೊಟ್ಟಿರಲಿಲ್ಲ, ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಿದ್ದರು, ಕೆಲಸ ಬಿಟ್ಟಿರಲಿಲ್ಲ, ಭಾರತದಲ್ಲಿ ಬೇರೆ ಉದ್ಯೋಗ ಹಿಡಿದಿರಲಿಲ್ಲ ಎಂಬ ಕಾಗದಗಳು ಬೇಕು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಾದರೆ ವಾದಕ್ಕೆ ಜಾಗವೇ ಇಲ್ಲ, ಮುರಿಯಿತು. ಹಿಂತಿರುಗಿದ ಮೇಲೆ ನಾಲ್ಕು ವರ್ಷ ಒಂದು ದಿನ ಕಾಯಬೇಕು.

ಉದ್ಯಮಿಗಳು ಎಡವುವುದು ಈ ಎರಡನೆಯದರಲ್ಲಿ. ಕುಟುಂಬವನ್ನು ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಬಿಟ್ಟು ತಾವು ಬೆಂಗಳೂರಿನ ಫ್ಯಾಕ್ಟರಿ ನಡೆಸುತ್ತ ಓಡಾಡುತ್ತಿರುತ್ತಾರೆ. ಮರುಪ್ರವೇಶ ಪರವಾನಗಿ ತೆಗೆದುಕೊಂಡಿದ್ದೇನೆ, ಎರಡು ವರ್ಷದವರೆಗೆ ಚಿಂತೆಯಿಲ್ಲ ಎನ್ನುತ್ತಾರೆ. ಆ ಪರವಾನಗಿ ಗ್ರೀನ್ ಕಾರ್ಡನ್ನು ಉಳಿಸಲು ನೆರವಾಗುತ್ತದೆ, ಪೌರತ್ವದ ಗಡಿಯಾರವನ್ನಲ್ಲ. ಹೀಗಾಗಿ ಒಂದೇ ದಿನ ಕಾರ್ಡ್ ಪಡೆದ ಮನೆಯಲ್ಲಿ ಪತ್ನಿ ಐದನೇ ವರ್ಷಕ್ಕೆ ಪೌರಳಾಗಿ, ಹಣ ಹೂಡಿದ ಪತಿ ಒಂಬತ್ತನೇ ವರ್ಷದಲ್ಲೂ ಕಾಯುತ್ತಿರುವುದು ಅಸಾಧ್ಯವೇನಲ್ಲ. ಮೊದಲ ದಿನದಿಂದಲೇ ಹೋದ ದಿನ, ಬಂದ ದಿನ, ದೇಶ ಎಂದು ಒಂದು ಪಟ್ಟಿ ಇಟ್ಟುಕೊಳ್ಳಿ. ಎನ್-400 ಐದು ವರ್ಷದಲ್ಲಿ 24 ಗಂಟೆ ಮೀರಿದ ಪ್ರತಿ ವಿದೇಶ ಪ್ರಯಾಣವನ್ನೂ ಕೇಳುತ್ತದೆ.

ಐ-829 ಇನ್ನೂ ಬಾಕಿಯಿರುವಾಗಲೇ ಐದು ವರ್ಷ ತುಂಬಿದರೆ ಎನ್-400 ಹಾಕಬಹುದು, ಸಂದರ್ಶನಕ್ಕೂ ಕರೆ ಬರಬಹುದು. ಆದರೆ ಐ-829 ಮಂಜೂರಾಗದೆ ಪೌರತ್ವ ಸಿಗುವುದಿಲ್ಲ. ಎಷ್ಟೋ ಸಲ ಎನ್-400 ಹಾಕಿದ ಮೇಲೆಯೇ ಹಳೆಯ ಕಡತ ಅಲುಗುವುದು.

ನಡತೆ, ತೆರಿಗೆ, ಪರೀಕ್ಷೆ

ಗ್ರೀನ್ ಕಾರ್ಡ್ ಬಂದ ದಿನದಿಂದ ಜಗತ್ತಿನ ಯಾವ ಮೂಲೆಯ ಆದಾಯವಾದರೂ ಅಮೆರಿಕದ ರಿಟರ್ನ್ಸ್‌ನಲ್ಲಿ ಕಾಣಬೇಕು. ಜಯನಗರದ ಮನೆ ಬಾಡಿಗೆ, ಎಫ್‌ಡಿ ಬಡ್ಡಿ, ಭಾರತದಲ್ಲಿ ತೆರಿಗೆಯಿಲ್ಲದ ಅಡಿಕೆ ಹಣ ಎಲ್ಲವೂ ಸೇರಿ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ಖಾತೆ ವಿವರದ ವರದಿ ಸಲ್ಲಿಸಬೇಕು. ಭಾರತದ ಮ್ಯೂಚುವಲ್ ಫಂಡುಗಳಿಗೆ ಫಾರ್ಮ್ 8621 ಎಂಬ ತಲೆನೋವು ಬೇರೆ, ತೆರಿಗೆಯೂ ಕಠಿಣ. ಅವನ್ನು ಏನು ಮಾಡಬೇಕೆಂದು ಕಾರ್ಡ್ ಬರುವ ಮೊದಲೇ ಲೆಕ್ಕಪರಿಶೋಧಕರೊಂದಿಗೆ ಕೂತು ತೀರ್ಮಾನಿಸುವುದು ವಾಸಿ. ತೆರಿಗೆ ಉಳಿಸಲು "ನಾನು ಅನಿವಾಸಿ" ಎಂದು ಅಮೆರಿಕದ ರಿಟರ್ನ್ಸ್ ಹಾಕಿದವರು ತಾವೇ ಕೈಯಾರೆ ವಾಸ ಬಿಟ್ಟುಕೊಟ್ಟಂತೆ ಬರೆದುಕೊಟ್ಟಿರುತ್ತಾರೆ.

ಉತ್ತಮ ನಡತೆಯ ಪರಿಶೀಲನೆಯಲ್ಲಿ ಸಣ್ಣದೆನಿಸುವ ಸಂಗತಿಗಳು ದೊಡ್ಡದಾಗುತ್ತವೆ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಮತದಾರರ ನೋಂದಣಿಯ ಚೌಕಕ್ಕೆ ಗುರುತು ಹಾಕಿದರೆ ತಾನು ಪೌರನೆಂದು ಸುಳ್ಳು ಹೇಳಿದಂತಾಗಬಹುದು. ಕುಡಿದು ವಾಹನ ಓಡಿಸಿದ ಎರಡು ಪ್ರಕರಣಗಳಿದ್ದರೆ ನಡತೆ ಸರಿಯಿಲ್ಲವೆಂಬ ಭಾವನೆಯಿಂದಲೇ ಶುರು. ಗಾಂಜಾ ರಾಜ್ಯದ ಕಾನೂನಿನಲ್ಲಿ ಸರಿಯಿದ್ದರೂ ಕೇಂದ್ರದ ಕಾನೂನಿನಲ್ಲಿ ಅಪರಾಧ. ಆ ವ್ಯಾಪಾರದಲ್ಲಿ ತೊಡಗಿದವರಿಗೂ ಪೌರತ್ವ ತಪ್ಪಬಹುದು. ಬಂಧನವಾಗಿ ಕೇಸು ವಜಾ ಆಗಿದ್ದರೂ, ಭಾರತದಲ್ಲೇ ಆಗಿದ್ದರೂ, ಬರೆಯಬೇಕು. 18ರಿಂದ 25ರ ಗಂಡುಮಕ್ಕಳು ಗ್ರೀನ್ ಕಾರ್ಡ್ ಬಂದ ಮೇಲೆ ಸೆಲೆಕ್ಟಿವ್ ಸರ್ವೀಸ್ ಎಂಬ ಸೇನಾ ಭರ್ತಿ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು, ಇಲ್ಲವಾದರೆ ಮುಂದೆ ವಿವರಣೆ ಕೊಡಬೇಕಾಗುತ್ತದೆ.

ಪರೀಕ್ಷೆಯೇನೂ ಭಯ ಪಡುವಂಥದ್ದಲ್ಲ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಬೇಕು, ಒಂದು ಬರೆಯಬೇಕು, ಮೂರು ಅವಕಾಶ. 2025ರ ಅಕ್ಟೋಬರ್ 20ರಂದು ಅಥವಾ ಆಮೇಲೆ ಅರ್ಜಿ ಹಾಕಿದವರಿಗೆ ಇತಿಹಾಸ ಮತ್ತು ಆಡಳಿತದ 128 ಪ್ರಶ್ನೆಗಳ ಪಟ್ಟಿಯಿಂದ 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. ಪ್ರಮಾಣವಚನ ಸ್ವೀಕರಿಸಿದಾಗಲೇ ನೀವು ಪೌರರು, ಅದಕ್ಕೂ ಹಿಂದಿನ ದಿನವಲ್ಲ. ಆ ಹೊತ್ತಿಗೆ 18 ತುಂಬದ, ಗ್ರೀನ್ ಕಾರ್ಡ್ ಇದ್ದು ನಿಮ್ಮೊಂದಿಗೇ ಅಮೆರಿಕದಲ್ಲಿ ವಾಸಿಸುವ ಮಕ್ಕಳು ಪರೀಕ್ಷೆ, ಅರ್ಜಿ ಏನೂ ಇಲ್ಲದೆ ತಾವಾಗಿಯೇ ಪೌರರಾಗುತ್ತಾರೆ. ಹದಿನೇಳೂವರೆಯ ಮಗನಿದ್ದರೆ ಪ್ರಮಾಣವಚನದ ದಿನವನ್ನು ಮುಂದೂಡಬೇಡಿ.

ಭಾರತದ ಕಡೆಯ ಲೆಕ್ಕ

ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದಾಗ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ನೀವು ಯಾವ ಕಾಗದಕ್ಕೂ ಸಹಿ ಹಾಕದಿದ್ದರೂ ಅಷ್ಟೇ. ಆಮೇಲೆ ಭಾರತದ ಪಾಸ್‌ಪೋರ್ಟನ್ನು ಒಂದು ಪ್ರಯಾಣಕ್ಕಾದರೂ ಬಳಸುವುದು ಅಪರಾಧ, ದಂಡವಿದೆ. ಪಾಸ್‌ಪೋರ್ಟ್ ಒಪ್ಪಿಸಿ ಸಮರ್ಪಣಾ ಪತ್ರ ಪಡೆದು ಒಸಿಐಗೆ ಅರ್ಜಿ ಹಾಕಬೇಕು. ಒಸಿಐ ಎಂದರೆ ಜೀವಮಾನದ ವೀಸಾ ಇದ್ದಂತೆ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರಿ ನೌಕರಿ ಇಲ್ಲ.

ಮಲೆನಾಡು, ಕೊಡಗಿನ ಮನೆತನಗಳಿಗೆ ಮುಖ್ಯವಾದದ್ದು ಜಮೀನು. ಒಸಿಐ ಕಾರ್ಡಿನವರು ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ನಿವಾಸಿಯಾಗಿದ್ದಾಗ ಕೊಂಡದ್ದು ಅಥವಾ ವಾರಸುದಾರಿಕೆಯಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಅದನ್ನು ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯ ಪೌರರಿಗೆ ಮಾತ್ರ. ಈ ನಿರ್ಬಂಧ ಪ್ರಮಾಣವಚನದ ದಿನ ಶುರುವಾಗುವುದೂ ಅಲ್ಲ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗೂ ಹೊಸ ಕೃಷಿ ಜಮೀನು ಕೊಳ್ಳಲು ಬಿಡುವುದಿಲ್ಲ, ಏಕೆಂದರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆ ಮೊದಲು ನೋಡುವುದು ನೀವು ಎಲ್ಲಿ ವಾಸವಾಗಿದ್ದೀರಿ ಎಂಬುದನ್ನು. ತೋಟದ ಪಕ್ಕದ ಎರಡೆಕರೆ ಸೇರಿಸಿಕೊಳ್ಳುವ ಯೋಚನೆಯಿದ್ದವರು ವಿಮಾನ ಹತ್ತುವ ಮೊದಲೇ ನೋಂದಣಿ ಮುಗಿಸಿಕೊಂಡಿರಬೇಕು.